ಯುಎಸ್‌ಬಿ ಹಬ್‌ಗೆ ಜೋಡಿಸಿದ ಸಾಧನಗಳು ಕೈಕೊಟ್ಟಾಗ ದೋಷ ಹುಡುಕುವ ಬಗೆ

ಲ್ಯಾಪ್‌ಟಾಪಿನ ಒಂದು ಪೋರ್ಟ್‌ಗೆ ಹಲವು ಸಾಧನಗಳನ್ನು ಜೋಡಿಸಲು ಬಳಸುವ ಹಬ್‌ಗೆ ಜೋಡಿಸಿದ ಮೌಸ್ ನಡುನಡುವೆ ನಿಂತುಹೋದರೆ, ಅಥವಾ ಹಾರ್ಡ್ ಡಿಸ್ಕ್ ಒಮ್ಮೆ ಕಾಣಿಸಿಕೊಂಡು ಮರುಕ್ಷಣವೇ ಮಾಯವಾದರೆ, ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹುಡುಕಲು ಹೊರಡುವ ಮೊದಲು ಆ ಸಾಧನವನ್ನು ನೇರವಾಗಿ ಲ್ಯಾಪ್‌ಟಾಪಿನ ಪೋರ್ಟ್‌ಗೆ ಜೋಡಿಸಿ ನೋಡಿ. ಅಲ್ಲಿಯೂ ಅದು ಕೆಲಸ ಮಾಡದಿದ್ದರೆ ಹಬ್ ಅನ್ನು ಅನುಮಾನಿಸುವುದನ್ನು ಬಿಟ್ಟು ಸಾಧನವನ್ನೂ ಅದರ ಕೇಬಲನ್ನೂ ಪರೀಕ್ಷಿಸಬೇಕು.

ನೇರವಾಗಿ ಜೋಡಿಸಿದಾಗ ಸರಿಯಾಗಿದ್ದು ಹಬ್ ಮೂಲಕ ಮಾತ್ರ ತೊಂದರೆ ಕೊಡುತ್ತಿದ್ದರೆ, ನಾನು ಮೊದಲು ನೋಡುವುದು ವಿದ್ಯುತ್ತಿನ ಕೊರತೆಯನ್ನು. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಲ್ಯಾಪ್‌ಟಾಪಿನಿಂದ ಪಡೆದ ಕರೆಂಟನ್ನೇ ಎಲ್ಲ ಸಾಧನಗಳಿಗೂ ಹಂಚಬೇಕಾಗುತ್ತದೆ. ಮಾನದಂಡದ ಪ್ರಕಾರ ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತದೆ. ಮೌಸ್ ಮತ್ತು ಕೀಬೋರ್ಡ್‌ಗಳಿಗೆ ಇದರಲ್ಲಿ ಅಲ್ಪ ಪಾಲು ಸಾಕು. ಆದರೆ ಹಾರ್ಡ್ ಡಿಸ್ಕ್‌ನ ತಟ್ಟೆ ತಿರುಗಲು ಆರಂಭಿಸುವ ಕ್ಷಣದಲ್ಲಿ ಬೇಡಿಕೆ ಒಮ್ಮೆಲೇ ಏರಿ, ವೋಲ್ಟೇಜ್ ಕುಸಿದು, ಪಕ್ಕದ ಪೋರ್ಟ್‌ನಲ್ಲಿರುವ ಮೌಸ್ ಕೂಡ ಸಂಪರ್ಕ ಕಳೆದುಕೊಳ್ಳಬಹುದು. ಹೀಗಾಗಿ ಯಾವ ಸಾಧನ ನಿಂತಿತು ಎಂಬುದಕ್ಕಿಂತ, ಅದು ನಿಂತಾಗ ಬೇರೆ ಯಾವ ಸಾಧನ ಕೆಲಸ ಆರಂಭಿಸಿತು ಎಂಬುದನ್ನು ಗಮನಿಸಬೇಕು. ಎಲ್ಲವನ್ನೂ ಬಿಡಿಸಿ, ಒಂದೊಂದಾಗಿ ಮರಳಿ ಜೋಡಿಸುತ್ತ, ಪ್ರತಿ ಬಾರಿಯೂ ಕೆಲವು ನಿಮಿಷ ಬಳಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಾರ್ಡ್ ಡಿಸ್ಕ್ ಪದೇಪದೇ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ಮಾತ್ರ ಅದನ್ನು ಹಬ್‌ನಲ್ಲಿಟ್ಟು ಪ್ರಯೋಗ ಮುಂದುವರಿಸಬೇಡಿ. ಬರೆಯುತ್ತಿರುವಾಗ ವಿದ್ಯುತ್ ತಪ್ಪಿದರೆ ಕಡತಗಳು ಹಾಳಾಗಬಹುದು.

ವಿದ್ಯುತ್ತಿನ ಕೊರತೆ ಖಚಿತವಾದರೆ, ಡಿಸ್ಕ್ ಅನ್ನು ಲ್ಯಾಪ್‌ಟಾಪ್‌ಗೇ ಜೋಡಿಸಬೇಕು, ಇಲ್ಲವೇ ಪ್ರತ್ಯೇಕ ಅಡಾಪ್ಟರ್ ಇರುವ ಹಬ್ ಬಳಸಬೇಕು. ಪಿನ್ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಯಾವುದೋ ಅಡಾಪ್ಟರ್ ಹಾಕುವುದು ಅಪಾಯಕರ: 5 ವೋಲ್ಟ್‌ನ ಹಬ್‌ಗೆ 12 ವೋಲ್ಟ್ ಕೊಟ್ಟರೆ ಹಬ್ ಸುಡಬಹುದು, ಅದರೊಂದಿಗೆ ಜೋಡಿಸಿದ ಸಾಧನಗಳೂ ಸುಡಬಹುದು.

ಕೇಬಲ್ ವಿಷಯವನ್ನು ಬೇಗ ಮುಗಿಸಬಹುದು. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿಗಳು ಮಾತ್ರ ಇದ್ದು, ದತ್ತಾಂಶ ಸಾಗಿಸುವ ತಂತಿಗಳೇ ಇರುವುದಿಲ್ಲ; ಹಬ್‌ನ ದೀಪ ಉರಿಯುತ್ತಿದ್ದರೂ ಯಾವ ಸಾಧನವೂ ಕಾಣಿಸದಿದ್ದರೆ ಕೇಬಲ್ ಬದಲಿಸಿ ನೋಡಿ.

ವೈರ್‌ಲೆಸ್ ಮೌಸ್ ತಡವರಿಸಲು ಬೇರೊಂದು ಕಾರಣವಿದೆ. ಯುಎಸ್‌ಬಿ 3.0 ಸಂಪರ್ಕಗಳು ಹೊಮ್ಮಿಸುವ ರೇಡಿಯೋ ಗದ್ದಲವು, ಇಂಥ ಅನೇಕ ಮೌಸ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಮೌಸ್‌ನ ರಿಸೀವರ್ ಅನ್ನು (ಪೋರ್ಟ್‌ಗೆ ಹಾಕುವ ಅದರ ಪುಟ್ಟ ತುಂಡನ್ನು) 3.0 ಡಿಸ್ಕ್‌ನ ಪಕ್ಕದಿಂದ ತೆಗೆದು, ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿದರೆ ಅಥವಾ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ದೂರವಿಟ್ಟರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಬ್ಯಾಟರಿ ಬದಲಿಸಿ ಬೇಸತ್ತವರು ಇದನ್ನು ಖಂಡಿತ ಪ್ರಯತ್ನಿಸಬೇಕು.

ಸ್ವಲ್ಪ ಹೊತ್ತು ಬಳಸದೆ ಬಿಟ್ಟಾಗ ಮಾತ್ರ ಸಾಧನಗಳು ಕಾಣೆಯಾಗುತ್ತಿದ್ದರೆ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ನೋಡಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ, ವಿದ್ಯುತ್ ಉಳಿಸಲು ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಆಯ್ಕೆಯ ಗುರುತನ್ನು ತೆಗೆಯಿರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ವಿಭಾಗ ಕಾಣಿಸುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಹಬ್‌ನ ಎಲ್ಲ ಕೇಬಲ್‌ಗಳನ್ನೂ ಅಡಾಪ್ಟರನ್ನೂ ಬಿಡಿಸಿ, ಒಂದು ನಿಮಿಷ ಬಿಟ್ಟು, ಮತ್ತೊಂದು ಲ್ಯಾಪ್‌ಟಾಪ್‌ಗೆ ಒಂದೇ ಒಂದು ಮೌಸ್‌ನೊಂದಿಗೆ ಜೋಡಿಸಿ ನೋಡಿ. ಅಲ್ಲಿಯೂ ಅದೇ ತೊಂದರೆ ಕಂಡರೆ ಹಬ್ ಕೆಟ್ಟಿದೆ ಎಂದೇ ತಿಳಿದು ಬೇರೊಂದನ್ನು ತರಬೇಕು.