ದೊಡ್ಡ ಆಸ್ಪತ್ರೇಲಿ ಸ್ಟಾಫ್‌ಗೆಲ್ಲ ವಿಷ್ಯ ಮುಟ್ಟಿಸೋದು ಹೇಗೆ

ಮೊದ್ಲು ವಾಟ್ಸಾಪ್ ಗ್ರೂಪ್ ಕಮ್ಮಿ ಮಾಡಿ. ನಾನಿದ್ದ ಕಡೆ ಹನ್ನೊಂದು ಗ್ರೂಪ್ ಇತ್ತು, ಡ್ಯೂಟಿ ಚೇಂಜ್ ಆಗಿದ್ದು ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ಅಡಿ ಹೂತೋಗಿ, ಮಳೇಲಿ ವಿರಾಜಪೇಟೆಯಿಂದ ನೈಟ್ ಶಿಫ್ಟ್‌ಗೆ ಇಬ್ರು ಬಂದಿಳಿದ್ರು, ಬೇಕಿದ್ದು ಒಬ್ರೇ. ಸೂಚನೆಗೆ ಒಂದೇ ಗ್ರೂಪ್ ಇಟ್ಟು ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಥರ ಸೆಟ್ ಮಾಡಿ, ಹರಟೆಗೆ ಬೇರೆ. ಪೇಷೆಂಟ್ ಹೆಸ್ರು, ರಿಪೋರ್ಟ್ ಫೋಟೋ ಎರಡರಲ್ಲೂ ಬೇಡ.

ಆದ್ರೆ ನಿಜವಾದ ಎಡವಟ್ಟು ಆಗೋದು ಶಿಫ್ಟ್ ಹ್ಯಾಂಡೋವರ್‌ನಲ್ಲಿ, ಅಂದ್ರೆ ಡ್ಯೂಟಿ ಮುಗಿಸಿದೋರು ಮುಂದಿನವ್ರಿಗೆ ಪೇಷೆಂಟ್ ವಿಷ್ಯ ಒಪ್ಪಿಸೋವಾಗ. ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅಂತ ಒಂದು ಪದ್ಧತಿ ಇದೆ, ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದಿದ್ದು. ಈಗೇನಾಗಿದೆ, ಹಿನ್ನೆಲೆ ಏನು, ನಿಮಗೇನನ್ಸುತ್ತೆ, ಏನ್ಮಾಡ್ಬೇಕು, ಇಷ್ಟೇ. ನರ್ಸ್ ಡಾಕ್ಟ್ರಿಗೆ ಫೋನ್ ಮಾಡೋವಾಗ್ಲೂ ಇದೇ: "ನಾಲ್ಕನೇ ಬೆಡ್ ಅಜ್ಜಂಗೆ ಉಸಿರು ನಿಮಿಷಕ್ಕೆ 28, ಮೊನ್ನೆ ನ್ಯುಮೋನಿಯಾ ಅಂತ ಅಡ್ಮಿಟ್ ಆಗಿದ್ದು, ಜಾಸ್ತಿ ಆಗ್ತಿದೆ ಅನ್ಸುತ್ತೆ, ಡಾಕ್ಟ್ರೇ ಈಗ್ಲೇ ಬಂದು ನೋಡಿ." ಅರ್ಧ ನಿಮಿಷ ಸಾಕು. ಕೇಳಿದೋರು ಕೇಳಿಸ್ಕೊಂಡಿದ್ದನ್ನ ಹಾಗೇ ತಿರುಗಿ ಹೇಳ್ಲೇಬೇಕು, ಅದ್ರಲ್ಲೂ ಡೋಸ್, ಯಾಕಂದ್ರೆ ಫಿಫ್ಟೀನ್, ಫಿಫ್ಟಿ ಎರಡೂ ಫೋನಲ್ಲಿ ಒಂದೇ ಥರ ಕೇಳುತ್ತೆ.

ಇನ್ನು ನಮ್ಮ ಕೊಡಗಿನ ಮಳೆಗಾಲ. ಕರೆಂಟೂ ಟವರೂ ಜೋಡಿಯಾಗೇ ಹೋಗುತ್ತೆ, 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಯಾರಿಗೆ ಮರೆತಿದೆ ಹೇಳಿ. ಹಂಗಾಗಿ ರೋಸ್ಟರ್ ಪ್ರಿಂಟ್ ತೆಗ್ದು ಪಂಚಿಂಗ್ ಮಷಿನ್ ಪಕ್ಕ ಅಂಟಿಸಿ, ಇಂಟರ್‌ಕಾಮ್ ನಂಬರ್‌ಗಳು ಪ್ರತಿ ವಾರ್ಡ್ ಗೋಡೆ ಮೇಲಿರ್ಲಿ.

ಸರ್ಕ್ಯುಲರ್ ಕನ್ನಡದಲ್ಲೂ ಬರೀರಿ. ಹೌಸ್‌ಕೀಪಿಂಗ್ ಅಕ್ಕ ಒಬ್ರು ಆಸ್ಪತ್ರೆ ಕಸ ಹಾಕೋ ಹಳದಿ ಬ್ಯಾಗ್, ಕೆಂಪು ಬ್ಯಾಗ್ ವ್ಯತ್ಯಾಸನ ಇಂಗ್ಲಿಷ್ ಪೋಸ್ಟರ್ ಬಿಟ್ಟು ನಮ್ಮ ಕಡೆ ಆಡೋ ಅರೆಭಾಷೇಲಿ ಹೊಸಬರಿಗೆ ಹೇಳ್ಕೊಟ್ರು, ಎರಡೇ ನಿಮಿಷ. ನಾವು ಪೋಸ್ಟರ್‌ಗೆ ಲ್ಯಾಮಿನೇಶನ್ ಬೇರೆ ಮಾಡ್ಸಿದ್ವಿ.