ನೆರಿಗೆ ಸ್ಕರ್ಟು: ಎರಡು ವರ್ಷ ಬರುವಂತೆ ಹೊಲಿಯುವುದು

ಯೂನಿಫಾರ್ಮಿನ ನೆರಿಗೆ ಅಂದಕ್ಕೆಂದು ಹುಟ್ಟಿದ್ದಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ ಹುಡುಗಿಯರಿಗೆ ಕಸರತ್ತು ಮಾಡುವಾಗ ಕಾಲು ಸಲೀಸಾಗಿ ಆಡಲಿ ಎಂದು ಬಂದ, ತೋಳಿಲ್ಲದ ನೆರಿಗೆ ಉಡುಪಾದ ಜಿಮ್‌ಸ್ಲಿಪ್ಪೇ ನಮ್ಮ ಶಾಲೆಗಳ ಪಿನಾಫೋರಿನ ಮೂಲ. ಈಗ ಎಷ್ಟೋ ಕಡೆ ದೊಡ್ಡ ಹುಡುಗಿಯರಿಗೆ ಚೂಡಿದಾರ್ ಬಂದಿದೆ. ಚಿಕ್ಕವರ ನೆರಿಗೆ ಸ್ಕರ್ಟು ಉಳಿದಿದೆ.

ಸೊಂಟ 22 ಇಂಚು, ಸೊಂಟದ ಪಟ್ಟಿ ಬಿಟ್ಟು ಉದ್ದ 16 ಇಂಚು ಎಂದುಕೊಳ್ಳಿ. 36 ಇಂಚು ಪನ್ನದ (ಅಗಲದ) ಬಟ್ಟೆ ಒಂದೂಕಾಲು ಮೀಟರ್ ಸಾಕು. ಕಾಟನ್ ಆದರೆ ರಾತ್ರಿಯಿಡೀ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ಇಡೀ ಪನ್ನದ ಎರಡು ತುಂಡು, ಒಂದೊಂದೂ ಇಪ್ಪತ್ತೂವರೆ ಇಂಚು ಉದ್ದ: ಸ್ಕರ್ಟಿಗೆ 16, ಕೆಳ ಅಂಚಿಗೆ 4, ಮೇಲಿನ ಹೊಲಿಗೆಗೆ ಅರ್ಧ. ಅಂಚಿಗೆ ಇಷ್ಟು ಇಡುವುದು, ಮಗು ಬೆಳೆದಾಗ ಬಿಡಿಸಿ ಉದ್ದ ಮಾಡಲೆಂದು. ಪಟ್ಟಿಗೆ 4 ಇಂಚು ಅಗಲದ ತುಂಡು ಬೇರೆ.

ಒಂದು ಪಕ್ಕ ಮಾತ್ರ ಜೋಡಿಸಿ. ನೆರಿಗೆಗೆ ಮೊದಲೇ ಅಂಚು ಮಡಿಸಿ ಹೆಮ್ಮಿಂಗ್ ಮುಗಿಸಿ. ನೆರಿಗೆ ಹಾಕಿದ ಮೇಲೆ ಅಂಚಿಗೆ ಹೋದರೆ ಮಡಿಕೆಗಳು ಓರೆಯಾಗುತ್ತವೆ. ಅಗಲ ಅಂಚಿನ ಭಾರಕ್ಕೆ ನೆರಿಗೆ ನೇರ ಇಳಿಯುತ್ತದೆ, ಅದೊಂದು ಲಾಭ.

ಜೋಡಿಸಿದ ಮೇಲೆ ಉಳಿಯುವ ಅಗಲ 71 ಇಂಚು. ಹೊರಗೆ ಕಾಣುವ ನೆರಿಗೆ 1 ಇಂಚು, ಒಳಗೆ 2 ಇಂಚು. 22 ನೆರಿಗೆಗೆ 66. ಮಿಕ್ಕ 5 ಇಂಚನ್ನು ಎರಡು ತುದಿಗೂ ಎರಡೂವರೆಯಂತೆ ಬಿಡಿ. ಹುಕ್ಕಿನ ಸೀಳು ಬರುವುದು ಇಲ್ಲೇ, ಮುಂದೆ ಸೊಂಟಕ್ಕೆ ಇಂಚು ಬಿಡಿಸುವುದೂ ಇಲ್ಲಿಂದಲೇ. ಪಟ್ಟಿಯ ಉದ್ದದಲ್ಲೂ 2 ಇಂಚು ಹೆಚ್ಚಿಗೆ ಇಟ್ಟು ಒಳಗೆ ಮುಚ್ಚಿಡಿ. ಜೋಡಣೆಯ ಹೊಲಿಗೆ ನೆರಿಗೆಯ ಒಳಮಡಿಕೆಗೆ ಬೀಳುವಂತೆ ಚಾಕಿನ ಗುರುತು ಹಾಕಿ.

ಎಲ್ಲರೂ ಎಡವುವುದು ಅಳತೆಯಲ್ಲೇ. ಒಂದೊಂದು ನೆರಿಗೆ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ 22ಕ್ಕೆ ಒಂದೂಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ. ಕಚ್ಚಾ ಹೊಲಿಗೆ ಹಾಕಿ ಸೊಂಟಕ್ಕೆ ಹಿಡಿದು ನೋಡದೆ ಮಿಷನ್ನಿಗೆ ಕೊಡಬೇಡಿ.

ಪಾಲಿಯೆಸ್ಟರ್ ಬೆರೆತ ಟೆರಿಕಾಟಿನಲ್ಲಿ ನೆರಿಗೆ ಗಟ್ಟಿಯಾಗಿ ಕೂರುತ್ತದೆ, ಆದರೆ ಒದ್ದೆ ಬಟ್ಟೆ ಹಾಸದೆ ಇಸ್ತ್ರಿ ಮಾಡಿದರೆ ಹೊಳಪು ಏಳುತ್ತದೆ. ಅಂಚಿನ ಮಡಿಕೆಯನ್ನು ಮಾತ್ರ ಬಿಸಿಯಲ್ಲಿ ಒತ್ತಬೇಡಿ, ಮುಂದೆ ಉದ್ದಕ್ಕೆಂದು ಅಂಚು ಬಿಡಿಸಿದಾಗ ಆ ಗೆರೆ ಹೋಗುವುದಿಲ್ಲ. ಕಾಟನ್ನಿನಲ್ಲಿ ಬಣ್ಣ ಮಾಸಿದ ಗೆರೆಯೇ ಕಾಣುತ್ತದೆ. ಆ ಗೆರೆಯನ್ನು ಕಾಲು ಇಂಚಿನ ಟಕ್ಕಿನೊಳಗೆ (ಬಟ್ಟೆ ಮಡಚಿ ಹಾಕುವ ಹೊಲಿಗೆ) ಸೇರಿಸಿ ಹೊಲಿಯಿರಿ. ಅರ್ಧ ಇಂಚು ಉದ್ದ ಹೋಗುತ್ತದೆ, ಕಲೆ ಮುಚ್ಚುತ್ತದೆ.