ಎರಡು ಕೈಯೂ ಹುಟ್ಟಿಗೆ ಬೇಕು: ಕಯಾಕ್‌ನಲ್ಲಿ ರಿವಾಲ್ವರ್ ಒಯ್ದ ನನ್ನ ಅನುಭವ

ಎರಡು ಬೇಸಿಗೆ, ಒಟ್ಟು ಹತ್ತೊಂಬತ್ತು ದಿನ, ಅಲಾಸ್ಕಾದ ನೀರಿನಲ್ಲಿ ಕರಡಿಯ ಭಯಕ್ಕೆ ರಿವಾಲ್ವರ್ ಇಟ್ಟುಕೊಂಡು ಕಯಾಕ್, ಅಂದರೆ ಹುಟ್ಟು ಹಾಕುವ ಸಪೂರ ದೋಣಿ, ನಡೆಸಿದ್ದೇನೆ. ಹಾರಿಸಿದ ಗುಂಡು ಸೊನ್ನೆ. ಆದರೂ ಬರೆಯುವಷ್ಟಿದೆ. ಈ ಕೆಲಸದಲ್ಲಿ ಗುಂಡು ಹಾರಿಸುವುದು ತೀರಾ ಸಣ್ಣ ಪಾಲು. ಉಳಿದದ್ದೆಲ್ಲ ಕಾಗದಪತ್ರ, ತುಕ್ಕು, ಮರಳು, ಆಮೇಲೆ ಅದನ್ನು ಮೈಮೇಲೆ ಎಲ್ಲಿ ಕಟ್ಟಿಕೊಳ್ಳುವುದು ಎಂಬ ತಲೆನೋವು.

ನಾನು ಸಾಗರದ ಕಡೆಯವನು, ಶರಾವತಿ ಹಿನ್ನೀರಿನ ಆಚೆ ದಡದವನು. ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಲಾಂಚ್ ಹತ್ತುತ್ತಿದ್ದ. ದೋಣಿ, ಕೋವಿ ಎರಡನ್ನೂ ಒಟ್ಟಿಗೆ ನೋಡಿದ್ದು ಅಷ್ಟೇ. ಅಲಾಸ್ಕಾದ ಯೋಚನೆಯನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ದೋಣಿಲಿ ಕೋವಿ ಎಂತಕ್ಕೆ ಮಾರಾಯ? ಹುಟ್ಟು ಹಾಕಕ್ಕೆ ಎರಡು ಕೈಯೂ ಬೇಕಲ್ಲ." ನಾನು ನಕ್ಕು ಬಿಟ್ಟಿದ್ದೆ. ಮುಂದೆ ನಾನು ಎದುರಿಸಿದ ತೊಂದರೆಯೆಲ್ಲ ಆ ಮಾತಿನಲ್ಲೇ ಇತ್ತು.

ಹೋಗಬೇಕೆಂದುಕೊಂಡಿದ್ದು ಜುನೋ ಪಟ್ಟಣದ ದಕ್ಷಿಣಕ್ಕಿರುವ ಅಡ್ಮಿರಾಲ್ಟಿ ದ್ವೀಪಕ್ಕೆ. ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ ಅದನ್ನು ಕೂಟ್ಸ್‌ನೂವೂ ಅನ್ನುತ್ತಾರೆ, ಕರಡಿಗಳ ಕೋಟೆ ಎಂದರ್ಥ. ಸುಮಾರು 1,600 ಕಂದು ಕರಡಿಗಳಿವೆ ಎಂಬುದು ಅಂದಾಜು, ಅಂದರೆ ಚದರ ಮೈಲಿಗೊಂದು. ಸಿಯಾಟಲ್ ಹತ್ತಿರದ ಪ್ಯೂಜೆಟ್ ಸೌಂಡ್‌ನಲ್ಲಿ ಎಂಟು ವರ್ಷ ಕಯಾಕ್ ನಡೆಸಿದ್ದೇನೆ, ಒಂದು ದಿನವೂ ಆಯುಧ ಬೇಕು ಅನ್ನಿಸಿರಲಿಲ್ಲ. ಮನುಷ್ಯರ ಹೆದರಿಕೆಗೆ ಪಿಸ್ತೂಲು ಇಟ್ಟುಕೊಳ್ಳುವವರು ಇಲ್ಲಿ ಇದ್ದಾರೆ. ನನಗೆ ಆ ವಾದ ಹಿಡಿಸುವುದಿಲ್ಲ, ಅದಕ್ಕೆ ಇಲ್ಲಿ ಜಾಗ ಕೊಡುವುದೂ ಇಲ್ಲ. ಕರಡಿಯ ವಿಷಯ ಬೇರೆ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ನಮ್ಮವರು ಗಮನಿಸಬೇಕಾದ್ದು ಇದೆ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಪಿಸ್ತೂಲನ್ನು ಸುಮ್ಮನೆ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡವರೂ ಸಿಕ್ಕಿಬೀಳಬಹುದು. ನನಗೆ ಕಾಯಂ ವಾಸದ ಗ್ರೀನ್ ಕಾರ್ಡ್ ಬಂದಮೇಲೆ, 2024ರ ಆರಂಭದಲ್ಲಿ ರಿವಾಲ್ವರ್ ಕೊಂಡೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಆ ವರ್ಷದಿಂದಲೇ ಹೊಸ ನಿಯಮ ಬಂದಿತ್ತು: ಸುರಕ್ಷತಾ ತರಬೇತಿ ಪಡೆದ ದಾಖಲೆ ತೋರಿಸಬೇಕು, ಆಮೇಲೆ 10 ಕೆಲಸದ ದಿನ ಕಾಯಬೇಕು. ಅಲಾಸ್ಕಾದಲ್ಲಿ 21 ದಾಟಿದವರಿಗೆ ಪಿಸ್ತೂಲು ಮರೆಮಾಡಿ ಒಯ್ಯಲು 2003ರಿಂದಲೂ ಪರವಾನಗಿ ಬೇಕಿಲ್ಲ. ನಡುವೆ ಕೆನಡಾ ಇದೆ, ಅಲ್ಲಿ ಆತ್ಮರಕ್ಷಣೆಗೆಂದು ಕೈಬಂದೂಕು ಒಯ್ಯುವ ಪ್ರವಾಸಿ ಕಂಬಿ ಎಣಿಸಬೇಕಾಗಬಹುದು. ಕಾರಿನಲ್ಲಿ ಆ ದಾರಿ ಹಿಡಿಯುವ ಹಾಗಿಲ್ಲ. ಸ್ಯಾನ್ ವಾನ್ ದ್ವೀಪಗಳ ಕಡೆ ಕಯಾಕ್ ನಡೆಸುವವರು ಹೇರೋ ಜಲಸಂಧಿಯಲ್ಲಿ ಗೊತ್ತಿಲ್ಲದೆ ಗಡಿ ದಾಟಿಬಿಡುವುದೂ ಉಂಟು, ಅಲ್ಲಿಗೆ ಇದನ್ನು ಒಯ್ಯಲೇಬೇಡಿ.

ನಾನು ಸಿಯಾಟಲ್‌ನಿಂದ ಜುನೋಗೆ ನೇರ ವಿಮಾನ ಹಿಡಿದೆ. ಗುಂಡು ತೆಗೆದ ರಿವಾಲ್ವರನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ, ಚೆಕ್-ಇನ್ ಲಗೇಜಿಗೆ ಹಾಕಬೇಕು. ಅದು ಸಲೀಸಾಗಿ ಹೋಯಿತು. ತಮಾಷೆಯೆಂದರೆ ಕರಡಿಗೆ ಹೊಡೆಯುವ ಖಾರದ ಸ್ಪ್ರೇ ವಿಮಾನಕ್ಕೆ ಹತ್ತುವುದಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅದನ್ನು ಜುನೋದಲ್ಲಿ ಇಳಿದಮೇಲೆ ಕೊಳ್ಳಬೇಕು.

ಆ ಸ್ಪ್ರೇ ಬಗ್ಗೆ ಒಂದು ಮಾತು. ಅಲಾಸ್ಕಾದ ಕರಡಿ ಘಟನೆಗಳನ್ನು ಒಟ್ಟುಮಾಡಿ ನೋಡಿದ ಎರಡು ಅಧ್ಯಯನಗಳಿವೆ, ಟಾಮ್ ಸ್ಮಿತ್ ಮತ್ತು ಸ್ಟೀಫನ್ ಹೆರೆರೊ ಸಂಗಡಿಗರದು. 2008ರದ್ದು ಸ್ಪ್ರೇ ಬಗ್ಗೆ: ಕಂದು ಕರಡಿಗಳಲ್ಲಿ ನೂರಕ್ಕೆ 92 ಸಲ ಕೆಲಸ ಮಾಡಿತ್ತು. 2012ರದ್ದು ಬಂದೂಕಿನ ಬಗ್ಗೆ, 269 ಘಟನೆಗಳು: ಕೈಬಂದೂಕು 84 ಪ್ರತಿಶತ, ಉದ್ದ ಬಂದೂಕು 76. ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಸರಿಯಲ್ಲ ಅಂತ ನನ್ನ ಅನಿಸಿಕೆ, ಸ್ಪ್ರೇ ಲೆಕ್ಕದಲ್ಲಿ ಸುಮ್ಮನೆ ಕುತೂಹಲಕ್ಕೆ ಬಂದ ಕರಡಿಗಳೂ ಸೇರಿವೆ. ಆದರೆ ಬಂದೂಕಿನ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಾಲು: ಬಂದೂಕು ಇದ್ದವರಲ್ಲಿ ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲು ಸ್ಪ್ರೇ, ರಿವಾಲ್ವರ್ ಆಮೇಲೆ.

ಕೊಂಡಿದ್ದು ಸ್ಟೇನ್‌ಲೆಸ್ ಸ್ಟೀಲಿನ .44 ಮ್ಯಾಗ್ನಮ್, ಅಂದರೆ ದೊಡ್ಡ ಗುಂಡಿನ ಬಲವಾದ ರಿವಾಲ್ವರ್; ನಾಲ್ಕು ಇಂಚಿನ ನಳಿಗೆ, ಆರು ಗುಂಡು. ತುಂಬಿದರೆ ಸುಮಾರು ಒಂದೂವರೆ ಕೆಜಿ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಮೊದಲ ದಿನ ಏಳು ಗಜ ದೂರದ ಕಾಗದಕ್ಕೆ ಆರು ಗುಂಡು ಹೊಡೆದೆ, ತಾಗಿದ್ದು ಎರಡು. ಅಂಗೈಯ ಬುಡ ಎರಡು ದಿನ ನೋಯುತ್ತಿತ್ತು. ನಾಲ್ಕು ತಿಂಗಳು ವಾರಕ್ಕೊಮ್ಮೆ ಹೋದಮೇಲೆ ಆರಕ್ಕೆ ಐದು ಬೀಳತೊಡಗಿತು. ಆಮೇಲೆ ಒಂದು ದಿನ ಕಯಾಕ್‌ನ ನಿಯೋಪ್ರೀನ್ ಕೈಗವಸು ಹಾಕಿ ಹಿಡಿದು ನೋಡಿದೆ. ಬೆರಳು ಟ್ರಿಗರಿನ ಬಳೆಯೊಳಗೆ ಹೋಗಲೇ ಇಲ್ಲ. ನಾಲ್ಕು ತಿಂಗಳ ಅಭ್ಯಾಸ ಎರಡು ಮಿಲಿಮೀಟರ್ ರಬ್ಬರಿನ ಮುಂದೆ ನಿಂತುಹೋಯಿತು. ಬಲಗೈ ಗವಸಿನ ತೋರುಬೆರಳ ತುದಿ ಕತ್ತರಿಸಿ ಹಾಕಿದೆ.

ಇನ್ನು ಎಲ್ಲಿ ಕಟ್ಟಿಕೊಳ್ಳುವುದು? ಸೊಂಟದಲ್ಲಿ ಕಟ್ಟಿದರೆ ಅದು ಸ್ಪ್ರೇ ಸ್ಕರ್ಟಿನ ಕೆಳಗೆ ಹೋಗುತ್ತದೆ, ನೀರು ಒಳಬರದ ಹಾಗೆ ಬಿಗಿದ ಆ ಹೊದಿಕೆಯನ್ನು ಕೀಳದೆ ಕೈ ಹೋಗದು. ಕಯಾಕ್‌ನ ಮೇಲ್ಮೈಗೆ ಕಟ್ಟಿದ ಚೀಲದಲ್ಲಿಟ್ಟರೆ, ಮಗುಚಿದ ಗಳಿಗೆಯಲ್ಲಿ ದೋಣಿ ಒಂದು ಕಡೆ, ನಾನು ಒಂದು ಕಡೆ. ಅಲಾಸ್ಕಾದ ಮೀನುಗಾರರು, ಗೈಡುಗಳು ಎದೆಗೆ ಅಡ್ಡವಾಗಿ ಕಟ್ಟುವ ಬಂದೂಕಿನ ಚೀಲ, ಅಂದರೆ ಹೋಲ್‌ಸ್ಟರ್ ಬಳಸುತ್ತಾರೆ. ಲೈಫ್ ಜಾಕೆಟ್ ಮೇಲೆ ಅದನ್ನು ಕಟ್ಟಿ ಲೇಕ್ ಸಮಾಮಿಶ್‌ನಲ್ಲಿ ಮಗುಚಿ ಏಳುವ ಅಭ್ಯಾಸ ಮಾಡಿದೆ. ಹೋಲ್‌ಸ್ಟರಿನಲ್ಲಿ ರಿವಾಲ್ವರ್ ಬದಲು ಅಷ್ಟೇ ತೂಕದ ಮರಳಿನ ಬಾಟಲಿ ಇಟ್ಟಿದ್ದೆ. ಜನ ಈಜುವ ಕೆರೆಯಲ್ಲಿ ನನ್ನ ಮೈಬಣ್ಣದವನೊಬ್ಬ ಎದೆಗೆ ಪಿಸ್ತೂಲು ಕಟ್ಟಿ ನಿಂತರೆ ಮುಂದಿನ ಹತ್ತು ನಿಮಿಷ ಹೇಗಿರುತ್ತದೆಂದು ಹೇಳಬೇಕಿಲ್ಲ.

ಮಗುಚಿದ ದೋಣಿಗೆ ಮತ್ತೆ ಹತ್ತುವುದೆಂದರೆ ಅದರ ಬೆನ್ನ ಮೇಲೆ ಹೊಟ್ಟೆ ಊರಿ ಏಡಿಯಂತೆ ತೆವಳುವುದು. ಆರು ಸಲ ಹತ್ತಿದೆ. ನಾಲ್ಕು ಸಲ ಹೋಲ್‌ಸ್ಟರಿನ ಮೂತಿ ಡೆಕ್ಕಿನ ಹಗ್ಗಕ್ಕೆ ಸಿಕ್ಕಿಕೊಂಡು ನನ್ನನ್ನು ಅರ್ಧಕ್ಕೇ ನಿಲ್ಲಿಸಿತು. ಅದು ಆಗಸ್ಟಿನ ಬೆಚ್ಚನೆಯ ಕೆರೆ. ಅಡ್ಮಿರಾಲ್ಟಿಯ ಸುತ್ತ ಬೇಸಿಗೆಯಲ್ಲೂ ನೀರು ಹತ್ತು ಡಿಗ್ರಿ ಆಸುಪಾಸು. ಆ ಚಳಿಯಲ್ಲಿ ಕೈಬೆರಳು ಹೇಳಿದ ಮಾತು ಕೇಳುವುದು ಹತ್ತು ನಿಮಿಷದಷ್ಟೇ. ನೀರಿನ ಮೇಲೆ ನನ್ನನ್ನು ಕೊಲ್ಲಬಹುದಾದದ್ದು ನೀರೇ, ಕರಡಿ ಅಲ್ಲ. ಅಲ್ಲಿಗೆ ಎದೆಯ ಹೋಲ್‌ಸ್ಟರ್ ನೀರಿನ ಮೇಲೆ ಬೇಡವೆಂದು ತೀರ್ಮಾನವಾಯಿತು. ರಿವಾಲ್ವರ್ ನೀರು ಹೊಗದ ಡ್ರೈ ಬ್ಯಾಗಿನಲ್ಲಿ, ಡ್ರೈ ಬ್ಯಾಗ್ ಸೀಟಿನ ಬೆನ್ನಿಗಿರುವ ಸಣ್ಣ ಹ್ಯಾಚಿನಲ್ಲಿ, ಅಂದರೆ ಮುಚ್ಚಳದ ಗೂಡಿನಲ್ಲಿ. ಸ್ಪ್ರೇ ಮಾತ್ರ ಲೈಫ್ ಜಾಕೆಟ್ ಮೇಲೆ, ಎಡಗಡೆ.

ಮೊದಲ ಯಾನ ಅದೇ ಸೆಪ್ಟೆಂಬರಿನಲ್ಲಿ, ಹಾಸನದ ಕಡೆಯ ನನ್ನ ಕಾಲೇಜು ಗೆಳೆಯನ ಜೊತೆ. ಸ್ಟೀಫನ್ಸ್ ಪ್ಯಾಸೇಜ್ ಎಂಬ ಜಲಸಂಧಿ ದಾಟಿ, ಉಬ್ಬರ ತುಂಬಿದ ಹೊತ್ತು ನೋಡಿ ಆಲಿವರ್ ಇನ್‌ಲೆಟ್ ಹೊಕ್ಕು, ಅಲ್ಲಿಂದ ಸುಮಾರು ಒಂದು ಮೈಲಿ ಕಾಡಿನೊಳಗೆ ಹಳಿಯ ಮೇಲೆ ಕೈಗಾಡಿ ತಳ್ಳಿಕೊಂಡು ಕಯಾಕ್ ಸಾಗಿಸಿ, ಸೀಮೋರ್ ಕೆನಾಲ್ ಎಂಬ ಉದ್ದನೆಯ ಕೊಲ್ಲಿಗೆ ಇಳಿಯಬೇಕು. ಆ ಹಳಿಯ ಮೇಲೆ, ಎರಡೂ ಕೈ ಗಾಡಿಗೆ ಕೊಟ್ಟು, ಸೊಂಟದಲ್ಲಿ ಒಂದೂವರೆ ಕೆಜಿ ಕಬ್ಬಿಣ ತೂಗಾಡಿಸಿಕೊಂಡು ಹೋಗುವಾಗ ಅಪ್ಪನ ಮಾತು ನೆನಪಾಗಿತ್ತು.

ನಾಲ್ಕನೇ ಸಂಜೆ ಟಾರ್ಪಾಲಿನ ಕೆಳಗೆ ಕೂತು ರಿವಾಲ್ವರ್ ಒರೆಸಲು ತೆಗೆದೆ. ಸಿಲಿಂಡರ್ ಬಿಚ್ಚಿ ಗುಂಡು ಸುರಿದುಕೊಂಡು, ಮತ್ತೆ ಮುಚ್ಚಿ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಲಿಲ್ಲ. ಬಲ ಹಾಕಿ ಎಳೆದೆ, ಅಲ್ಲಾಡಲಿಲ್ಲ. ಖಾಲಿ ತೋಟಾಗಳನ್ನು ಹೊರತಳ್ಳಲು ಸಿಲಿಂಡರಿನ ಹಿಂದೆ ನಕ್ಷತ್ರದಾಕಾರದ ಒಂದು ತುಂಡು ಇರುತ್ತದೆ. ಅದನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಕೆಳಗೆ ಮರಳು, ನಾಲ್ಕೋ ಐದೋ ಕಾಳು, ರಾಗಿಗಿಂತ ಸಣ್ಣವು. ಅಷ್ಟಕ್ಕೇ ನಕ್ಷತ್ರ ಕೂದಲೆಳೆಯಷ್ಟು ಮೇಲೆದ್ದು ಇಡೀ ಯಂತ್ರ ಬಿಗಿದು ಕೂತಿತ್ತು. ಆ ಮಧ್ಯಾಹ್ನವೆಲ್ಲ ನಾನು ಅದನ್ನು ನಂಬಿಕೊಂಡು ತೀರದಲ್ಲಿ ಓಡಾಡಿದ್ದೆ. ಗೆಳೆಯ ಟೀ ಲೋಟ ಕೆಳಗಿಟ್ಟು, "ಲೋ, ಇದಕ್ಕಿಂತ ಒಳ್ಳೆ ಕಲ್ಲು ತಂದಿದ್ರೆ ಹಗುರಾಗಿರ್ತಿತ್ತಲ್ಲೋ" ಅಂದ.

ಅಂದಿನಿಂದ ಹಲ್ಲುಜ್ಜುವ ಹಳೇ ಬ್ರಷ್ ಒಂದು ಡ್ರೈ ಬ್ಯಾಗಿನಲ್ಲಿ ಖಾಯಂ. ದಿನಾ ಸಂಜೆ ಸಿಹಿನೀರಲ್ಲಿ ತೊಳೆದು, ನಕ್ಷತ್ರದ ಕೆಳಗೆ ಬ್ರಷ್ ಆಡಿಸಿ, ತೆಳ್ಳಗೆ ಎಣ್ಣೆ. ರಬ್ಬರ್ ಹಿಡಿಕೆಯನ್ನೂ ಬಿಚ್ಚಬೇಕು, ಉಪ್ಪುನೀರು ಅದರೊಳಗೆ ನಿಂತು ತಿನ್ನುತ್ತದೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯದು ಎಂದು ತಿಳಿದಿದ್ದೆ. ಮನೆಗೆ ಬಂದು ಬಿಚ್ಚಿದಾಗ ತಿರುಪಿನ ತಲೆಗಳೆಲ್ಲ ಕಂದು.

ಕರಡಿ ಎದುರಾಗಿದ್ದು ಎರಡನೇ ವರ್ಷ, 2025ರ ಜೂನ್ ಕೊನೆಗೆ, ಸೀಮೋರ್ ಕೆನಾಲಿನ ಒಂದು ಹಳ್ಳ ಸಮುದ್ರ ಸೇರುವಲ್ಲಿ. ಮೂರು ಗಂಟೆ ಕೂತು ಕಾಲು ಮರಗಟ್ಟಿತ್ತು. ದೋಣಿಯಿಂದ ಹೊರಗೆ ಕಾಲಿಟ್ಟು, ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ದೋಣಿಯ ಮೂತಿ ಹಿಡಿದು ಪಾಚಿಗಲ್ಲಿನ ಮೇಲೆ ಜಾರುತ್ತಿದ್ದೆ. ಸೊಂಟದೆತ್ತರದ ಹುಲ್ಲಿನಿಂದ ತಲೆ ಎದ್ದಿತು. ನಲವತ್ತು ಹೆಜ್ಜೆ ಇರಬಹುದು. ಹುಲ್ಲು ಮೇಯುತ್ತಿತ್ತು, ಬಾಯಿಂದ ಎಸಳು ಜೋತಾಡುತ್ತಿದ್ದವು. ರಿವಾಲ್ವರ್ ಬೆನ್ನ ಹಿಂದೆ, ಹ್ಯಾಚಿನೊಳಗೆ, ಡ್ರೈ ಬ್ಯಾಗಿನೊಳಗೆ. ಹುಟ್ಟು ಬಿಟ್ಟು ಸ್ಪ್ರೇ ಕೈಗೆ ತೆಗೆದುಕೊಂಡು, ಅಕಸ್ಮಾತ್ ಒತ್ತದಂತೆ ತಡೆಯುವ ಕ್ಲಿಪ್ ಕಿತ್ತೆ. ಆಗ ಗೊತ್ತಾಯಿತು, ಗಾಳಿ ಅದರ ಕಡೆಯಿಂದ ನನ್ನ ಮುಖಕ್ಕೇ ಬೀಸುತ್ತಿದೆ. ಒತ್ತಿದರೆ ಅರ್ಧ ಖಾರ ನನಗೇ.

ಬಾಯಲ್ಲಿ ಇಂಗ್ಲಿಷ್ ಬರಲಿಲ್ಲ. "ಹೋಯ್... ಹೋಗಪ್ಪ, ಹೋಗು, ನಿನ್ನ ಜಾಗ ನಿನಗೇ, ಹೋಗು" ಅಂತ ಊರಲ್ಲಿ ಎಮ್ಮೆ ಅಟ್ಟುವ ರಾಗದಲ್ಲೇ ಶುರುವಾಯಿತು. ಅದು ಹಿಂಗಾಲ ಮೇಲೆ ಎದ್ದು ನಿಂತು ಮೂಗು ಆಡಿಸಿತು. ಒಂದು ಸಲ ಉಸಿರು ಬುಸ್ಸೆಂದು ಬಿಟ್ಟು, ಇಳಿದು, ಅವಸರವಿಲ್ಲದೆ ಹಳ್ಳದ ಮೇಲಕ್ಕೆ ನಡೆಯಿತು. ನಾವು ಅಲ್ಲಿ ಉಳಿಯಲಿಲ್ಲ, ಎರಡು ಮೈಲಿ ಆಚೆಯ ಸಣ್ಣ ನಡುಗಡ್ಡೆಗೆ ಹೋಗಿ ಟೆಂಟ್ ಹಾಕಿದೆವು.

ಆ ರಾತ್ರಿ ಪದ್ಧತಿ ಬದಲಿಸಿದೆವು. ತೀರಕ್ಕೆ ಮೂವತ್ತು ಮೀಟರ್ ಇರುವಾಗಲೇ ಎರಡು ಕಯಾಕ್ ಪಕ್ಕಪಕ್ಕ ಜೋಡಿಸಿ ಹಿಡಿದುಕೊಳ್ಳುತ್ತೇವೆ. ಗೆಳೆಯ ನನ್ನ ಹ್ಯಾಚ್ ತೆರೆದು ಹೋಲ್‌ಸ್ಟರ್ ಕೊಡುತ್ತಾನೆ, ನಾನು ಎದೆಗೆ ಕಟ್ಟಿಕೊಳ್ಳುತ್ತೇನೆ. ಆಮೇಲೆ ಐದು ನಿಮಿಷ ಸುಮ್ಮನೆ ಗಲಾಟೆ: ಹುಟ್ಟಿನಿಂದ ದೋಣಿ ಬಡಿಯುವುದು, ಹಾಡುವುದು, ಜಗಳವಾಡುವುದು. ಗಾಳಿ ಯಾವ ಕಡೆಯದು ಎಂದು ನೋಡಿ ಇಳಿಯುವ ಜಾಗ ಆರಿಸುವುದು. ಮೊದಲು ನಾನು ಇಳಿಯುತ್ತೇನೆ, ಎರಡೂ ಕೈ ಖಾಲಿ ಇಟ್ಟುಕೊಂಡು. ನನ್ನ ದೋಣಿಯನ್ನು ಅವನು ಹಿಡಿದುಕೊಂಡು ನೀರಲ್ಲೇ ಇರುತ್ತಾನೆ. ಅಡುಗೆ ಊಟ ಎರಡೂ ಉಬ್ಬರ ಬಂದು ತೊಳೆಯುವ ಪಟ್ಟಿಯಲ್ಲೇ, ಟೆಂಟಿನಿಂದ ನೂರು ಗಜ ದೂರ, ಊಟದ ಸಾಮಾನು ಕರಡಿ ತೆಗೆಯಲಾಗದ ಡಬ್ಬಿಯಲ್ಲಿ.

ಹಾರಿಸಲೇಬೇಕಾಗಿ ಬಂದರೆ? ಅಲಾಸ್ಕಾದ ನಿಯಮ ಓದಿದ ಮೇಲೆ ಆ ಪ್ರಶ್ನೆಯ ಹುರುಪು ಇಳಿದುಹೋಯಿತು. ಪ್ರಾಣರಕ್ಷಣೆಗೆ ಕರಡಿ ಕೊಲ್ಲಬಹುದು. ಆದರೆ ನಾವೇ ಕೆಣಕಿದ್ದರೆ, ಅಥವಾ ತಿಂಡಿ ಕಸ ಬಿಟ್ಟು ಕರೆಸಿಕೊಂಡಿದ್ದರೆ ಅದು ರಕ್ಷಣೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ಕೊಂದ ಮೇಲೆ ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ತೆಗೆದು ಸರ್ಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ವರದಿ ಕೊಡಬೇಕು. ಕೋಳಿ ಕೊಯ್ಯಲೂ ಬಾರದ ಇಬ್ಬರು ಸಾಫ್ಟ್‌ವೇರಿನವರು, ಉಬ್ಬರ ಏರುತ್ತಿರುವ ತೀರದಲ್ಲಿ, ಮಡಚುವ ಚಾಕುವಿನಲ್ಲಿ ಇನ್ನೂರು ಮುನ್ನೂರು ಕೆಜಿಯ ಕರಡಿ ಸುಲಿಯುವುದನ್ನು ನಾವು ಆ ರಾತ್ರಿ ತುಂಬ ಹೊತ್ತು ಕಲ್ಪಿಸಿಕೊಂಡೆವು.

ಅಡ್ಮಿರಾಲ್ಟಿಯ ಪ್ಯಾಕ್ ಕ್ರೀಕಿನಲ್ಲಿ ಸ್ಟಾನ್ ಪ್ರೈಸ್ ಎಂಬಾತ ದಶಕಗಳ ಕಾಲ ಕರಡಿಗಳ ನಡುವೆ ಬರೀ ಊರುಗೋಲು ಹಿಡಿದು ಬದುಕಿದ್ದ. ಆ ಅಭಯಾರಣ್ಯಕ್ಕೆ ಈಗ ಅವನದೇ ಹೆಸರು. ಅಲ್ಲಿಗೆ ಪರವಾನಗಿ ಪಡೆದು ಹೋಗಿ ಒಂದು ದಿನ ಕೂತು ನೋಡಿದೆವು. ಅವನಷ್ಟು ಎದೆಗಾರಿಕೆಯಾಗಲಿ ತಿಳಿವಳಿಕೆಯಾಗಲಿ ನನಗಿಲ್ಲ, ಆದ್ದರಿಂದ ಮುಂದಿನ ಸಲವೂ ರಿವಾಲ್ವರ್ ಬರುತ್ತದೆ.

ಮರಳುವ ದಿನ ವಿಮಾನ ಹತ್ತದ ಎರಡು ಸ್ಪ್ರೇ ಡಬ್ಬಿಗಳನ್ನು ಕಯಾಕ್ ಬಾಡಿಗೆ ಕೊಟ್ಟವರ ಅಂಗಡಿಯಲ್ಲಿ ಬಿಟ್ಟೆವು. ಕಪಾಟಿನಲ್ಲಿ ಆಗಲೇ ಹಿಂದಿನವರು ಬಿಟ್ಟುಹೋದ ಏಳೆಂಟು ಡಬ್ಬಿ ಸಾಲಾಗಿದ್ದವು, ಎಲ್ಲದರ ಕ್ಲಿಪ್ಪೂ ಇದ್ದ ಹಾಗೇ ಇತ್ತು. ನಮ್ಮದರಲ್ಲಿ ಒಂದಕ್ಕೆ ಮಾತ್ರ ಕ್ಲಿಪ್ ಇರಲಿಲ್ಲ. ಆ ಹಳ್ಳದ ಹುಲ್ಲಿನಲ್ಲಿ ಬಿದ್ದುಹೋಗಿತ್ತು, ಅದರ ಜಾಗಕ್ಕೆ ನಾನು ರಬ್ಬರ್ ಬ್ಯಾಂಡ್ ಸುತ್ತಿದ್ದೆ.